ಕಿರುತೆರೆಯ ಕಲಾವಿದೆ ವೈಶಾಲಿ ಕಾಸರವಳ್ಳಿ: ಬಾಳು ಮತ್ತು ಸಾಧನೆ

ಶಾಲೆಯೊಂದರ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ದೂರದರ್ಶನ ಧಾರಾವಾಹಿಗಳ ಕಲಾವಿದೆಯೊಬ್ಬರನ್ನು ಕುರಿತ ಲೇಖನವೇಕೆಂದು ಕೆಲವರಾದರೂ ಕೇಳಬಹುದು. ಪ್ರಶ್ನೆ ಸಹಜವಾದುದೇ. ಇಂಥ ಸಂಚಿಕೆಗಳಲ್ಲಿ ಕವಿಗಳ, ಶರಣರ, ರಾಷ್ಟ್ರನಾಯಕರ ಜೀವನಚಿತ್ರಗಳನ್ನು ಓದುವುದು ನಮಗೆ ರೂಢಿಯಾಗಿದೆ. ಧಾರಾವಾಹಿ ಎಂದರೆ ಹೊತ್ತು ಕಳೆಯುವ ಸಾಧನವೆಂದೂ, ಮಕ್ಕಳ ಓದಿಗೆ ಅಡ್ಡಿಯೆಂದೂ ಹೇಳುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೆ ಕನ್ನಡವು ಎರಡು ಬಾಗಿಲುಗಳಿಂದ ಬರುತ್ತದೆ. ಒಂದು ಶಾಲೆಯ ಬಾಗಿಲು, ಇನ್ನೊಂದು ಮನೆಯ ಬಾಗಿಲು. ಶಾಲೆಯಲ್ಲಿ ಅಕ್ಷರ ಬರುತ್ತದೆ. ಮನೆಯಲ್ಲಿ ಮಾತು ಬರುತ್ತದೆ. ಆ ಮನೆಯ ಮೂಲೆಯಲ್ಲಿ ದೂರದರ್ಶನದ ಪೆಟ್ಟಿಗೆಯೊಂದು ಬಂದು ಕುಳಿತ ಮೇಲೆ, ಅದು ಆಡುವ ಕನ್ನಡ ಯಾವುದು, ಅದರಲ್ಲಿ ನಮ್ಮ ಹಿರಿಯರ ನುಡಿಗೆ ಸ್ಥಾನವಿದೆಯೇ ಇಲ್ಲವೇ ಎಂಬುದು ಶಿಕ್ಷಣದ ಪ್ರಶ್ನೆಯೂ ಆಯಿತು.

ಚಿಂಬಲ್ಲಿನ ಕನ್ನಡಿಗರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. 1961ರ ಡಿಸೆಂಬರ್ 19ರಂದು ಗೋವೆ ಪೋರ್ತುಗೀಜರ ಆಳ್ವಿಕೆಯಿಂದ ವಿಮೋಚನೆ ಪಡೆದ ನಂತರ, ರಸ್ತೆ, ಸೇತುವೆ, ಬಂದರು, ಕಟ್ಟಡಗಳ ಕೆಲಸಕ್ಕೆ ಘಟ್ಟದ ಮೇಲಿನಿಂದ ಸಾವಿರಾರು ಕುಟುಂಬಗಳು ಇಳಿದು ಬಂದವು. ಬಿಜಾಪುರ, ಧಾರವಾಡ, ಬೆಳಗಾವಿ, ಗುಲಬರ್ಗಾ, ರಾಯಚೂರು ಸೀಮೆಗಳ ಜನ ತಮ್ಮೊಡನೆ ರೊಟ್ಟಿಯ ಹಂಚನ್ನು ತಂದಂತೆ ತಮ್ಮ ಮಾತಿನ ಧಾಟಿಯನ್ನೂ ತಂದರು. ಪಣಜಿಗೆ ಸಮೀಪದ ಚಿಂಬಲ್, ಅದರಲ್ಲಿಯೂ ಇಂದಿರಾನಗರ, ಅಂಥ ಕುಟುಂಬಗಳು ಬೇರೂರಿದ ಪ್ರದೇಶಗಳಲ್ಲೊಂದು. ಇಲ್ಲಿ ಬೆಳೆದ ಮಗು ಅಂಗಳದಲ್ಲಿ ಕೊಂಕಣಿ, ಪೇಟೆಯಲ್ಲಿ ಹಿಂದಿ, ಮನೆಯಲ್ಲಿ ಉತ್ತರ ಕರ್ನಾಟಕದ ಕನ್ನಡ, ಪಠ್ಯಪುಸ್ತಕದಲ್ಲಿ ಗ್ರಾಂಥಿಕ ಕನ್ನಡ ಎಂದು ನಾಲ್ಕು ನುಡಿಗಳ ನಡುವೆ ಓಡಾಡುತ್ತದೆ. ಈ ನಾಲ್ಕರಲ್ಲಿ ತನ್ನ ತಾಯಿಯ ಮಾತೇ ಎಲ್ಲಕ್ಕಿಂತ ಕೀಳೆಂಬ ಭಾವನೆ ಅದರ ಮನಸ್ಸಿನಲ್ಲಿ ಮೂಡಿದರೆ ಅದು ಚಿಕ್ಕ ನಷ್ಟವಲ್ಲ. ಈ ದೃಷ್ಟಿಯಿಂದ ನೋಡಿದಾಗ, ಕಲಬುರಗಿಯ ನೆಲದಲ್ಲಿ ಹುಟ್ಟಿ, ರಂಗಭೂಮಿಯಲ್ಲಿ ಬೆಳೆದು, ಕಿರುತೆರೆಯಲ್ಲಿ ನಟಿಯಾಗಿಯೂ ನಿರ್ದೇಶಕಿಯಾಗಿಯೂ ಹೆಸರಾದ ಶ್ರೀಮತಿ ವೈಶಾಲಿ ಕಾಸರವಳ್ಳಿಯವರ ಬಾಳು ನಮಗೆ ತಿಳಿದಿರಬೇಕಾದದ್ದು ಎನಿಸುತ್ತದೆ.

ಧಾರಾವಾಹಿ ಎಂಬ ಪ್ರಕಾರ

ಮೊದಲು ಧಾರಾವಾಹಿ ಎಂದರೇನು, ಅದು ಎಲ್ಲಿಂದ ಬಂದಿತು ಎಂಬುದನ್ನು ನೋಡೋಣ. ಅಮೆರಿಕದಲ್ಲಿ 1930ರ ದಶಕದಲ್ಲಿ ಹಗಲು ಹೊತ್ತಿನಲ್ಲಿ ಮನೆಯಲ್ಲಿರುವ ಗೃಹಿಣಿಯರಿಗಾಗಿ ಬಾನುಲಿಯಲ್ಲಿ ಕಂತುಕಂತಾಗಿ ಕಥೆಗಳು ಪ್ರಸಾರವಾಗುತ್ತಿದ್ದವು. ಅವುಗಳ ಪ್ರಾಯೋಜಕರಲ್ಲಿ ಸಾಬೂನು ತಯಾರಕರೇ ಮುಖ್ಯರಾಗಿದ್ದುದರಿಂದ ಜನ ಅವನ್ನು ‘ಸೋಪ್ ಒಪೆರಾ’ ಎಂದು ತಮಾಷೆಯಾಗಿ ಕರೆದರು; ಆ ಹೆಸರೇ ನಿಂತಿತು. ‘ಗೈಡಿಂಗ್ ಲೈಟ್’ ಎಂಬ ಧಾರಾವಾಹಿ 1937ರಲ್ಲಿ ಬಾನುಲಿಯಲ್ಲಿ ಆರಂಭವಾಗಿ, 1952ರಲ್ಲಿ ದೂರದರ್ಶನಕ್ಕೆ ಬಂದು, 2009ರವರೆಗೂ ನಡೆಯಿತೆಂದರೆ ಈ ಪ್ರಕಾರದ ಆಯುಸ್ಸನ್ನು ಊಹಿಸಬಹುದು.

ಭಾರತದಲ್ಲಿ ಇದರ ಆರಂಭ 1984ರ ಜುಲೈ 7ರಂದು ‘ಹಮ್ ಲೋಗ್’ ಎಂಬ ಹಿಂದಿ ಧಾರಾವಾಹಿಯೊಡನೆ ಆಯಿತು. ಮನೋಹರ ಶ್ಯಾಮ ಜೋಶಿಯವರು ಬರೆದ ಈ ಧಾರಾವಾಹಿ 156 ಕಂತುಗಳಲ್ಲಿ ಪ್ರಸಾರವಾಯಿತು. ಕುಟುಂಬ ಯೋಜನೆ, ಸ್ತ್ರೀಯರ ಸ್ಥಾನಮಾನ ಮೊದಲಾದ ವಿಷಯಗಳನ್ನು ಕಥೆಯ ಮೂಲಕ ತಿಳಿಸುವುದು ಅದರ ಉದ್ದೇಶವಾಗಿತ್ತು; ಮೆಕ್ಸಿಕೋ ದೇಶದಲ್ಲಿ ನಡೆದ ಅಂಥದೇ ಪ್ರಯೋಗ ಅದಕ್ಕೆ ಮಾದರಿ. ಕನ್ನಡದಲ್ಲಿಯೂ ಅದೇ ದಶಕದಲ್ಲಿ ಬೆಂಗಳೂರು ದೂರದರ್ಶನದಿಂದ ಧಾರಾವಾಹಿಗಳು ಬರಲಾರಂಭಿಸಿದವು. ‘ಸಿಹಿಕಹಿ’ ಎಂಬ ಧಾರಾವಾಹಿಯ ಹೆಸರು ಅದರ ಕಲಾವಿದರಾದ ಚಂದ್ರು ಮತ್ತು ಗೀತಾ ಅವರ ಹೆಸರುಗಳಿಗೆ ಶಾಶ್ವತವಾಗಿ ಅಂಟಿಕೊಂಡದ್ದು, ಆ ಕಾಲದ ಪ್ರೇಕ್ಷಕರು ಅವನ್ನು ಎಷ್ಟು ಆಪ್ತವಾಗಿ ಕಂಡರೆಂಬುದಕ್ಕೆ ಸಾಕ್ಷಿ. 1994ರಲ್ಲಿ ಉದಯ ವಾಹಿನಿಯೂ 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡವೂ ಆರಂಭವಾದ ನಂತರ, ರಾಜ್ಯದ ಗಡಿಯ ಹಂಗಿಲ್ಲದೆ ಕನ್ನಡ ಧಾರಾವಾಹಿಗಳು ಗೋವೆಯ ಕನ್ನಡಿಗರ ಮನೆಗಳಿಗೂ ಬಂದವು.

ಚಲನಚಿತ್ರಕ್ಕೂ ಧಾರಾವಾಹಿಗೂ ಇರುವ ವ್ಯತ್ಯಾಸ ಕೇವಲ ಪರದೆಯ ಗಾತ್ರದ್ದಲ್ಲ. ಚಲನಚಿತ್ರದ ಪಾತ್ರ ಎರಡೂವರೆ ಗಂಟೆ ಬದುಕಿ ಮುಗಿಯುತ್ತದೆ. ಧಾರಾವಾಹಿಯ ಪಾತ್ರ ವರುಷಗಟ್ಟಲೆ ನಮ್ಮೊಡನೆ ವಾಸಿಸುತ್ತದೆ. ಚಲನಚಿತ್ರವನ್ನು ನಾವು ಹುಡುಕಿಕೊಂಡು ಹೋಗುತ್ತೇವೆ. ಧಾರಾವಾಹಿ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಆದ್ದರಿಂದಲೇ ಚಲನಚಿತ್ರದ ತಾರೆಯನ್ನು ಜನ ದೂರದಿಂದ ಬೆರಗಿನಿಂದ ನೋಡಿದರೆ, ಧಾರಾವಾಹಿಯ ಕಲಾವಿದೆಯನ್ನು ಸಂತೆಯಲ್ಲಿ ಕಂಡೊಡನೆ ಪಾತ್ರದ ಹೆಸರು ಹಿಡಿದು ಮಾತನಾಡಿಸುತ್ತಾರೆ, ಕೆಲವೊಮ್ಮೆ ಪಾತ್ರದ ತಪ್ಪಿಗೆ ಕಲಾವಿದೆಯನ್ನೇ ಗದರುತ್ತಾರೆ.

ಕಲಬುರಗಿಯಿಂದ ರಂಗಭೂಮಿಗೆ

ವೈಶಾಲಿಯವರು ಜನಿಸಿದ್ದು 1952ರ ಏಪ್ರಿಲ್ 12ರಂದು, ಗುಲಬರ್ಗಾದಲ್ಲಿ. ಇಂದು ಕಲಬುರಗಿ ಎಂಬ ತನ್ನ ಹಳೆಯ ಹೆಸರನ್ನು ಮರಳಿ ಪಡೆದಿರುವ ಆ ಊರು ಆಗ ಹೈದರಾಬಾದು ರಾಜ್ಯದ ಭಾಗವಾಗಿತ್ತು. ಕನ್ನಡ ನಾಡಿನ ಏಕೀಕರಣವಾಗಲು ಇನ್ನೂ ನಾಲ್ಕು ವರುಷಗಳಿದ್ದವು. ಕನ್ನಡ, ಉರ್ದು, ಮರಾಠಿ, ತೆಲುಗು ನುಡಿಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದ ನೆಲವದು. ಹಲವು ನುಡಿಗಳ ನಡುವೆ ತನ್ನ ನುಡಿಯನ್ನು ಉಳಿಸಿಕೊಳ್ಳುವುದು ಏನೆಂಬುದನ್ನು ಗೋವೆಯ ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅವರು ಅಭಿನಯದ ಲೋಕವನ್ನು ಪ್ರವೇಶಿಸಿದ ಕಾಲ ಕನ್ನಡದ ಹವ್ಯಾಸಿ ರಂಗಭೂಮಿಯ ಸುಗ್ಗಿಯ ಕಾಲ. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ‘ಜೋಕುಮಾರಸ್ವಾಮಿ’ಯಂಥ ನಾಟಕಗಳನ್ನು ಬಯಲಿನಲ್ಲಿ ಆಡಿಸಿ ಹೊಸ ಅಲೆಯನ್ನೇ ಎಬ್ಬಿಸಿದ್ದರು. ನಟರಂಗ, ಬೆನಕ, ಸಮುದಾಯ ಮೊದಲಾದ ತಂಡಗಳು ಆ ದಶಕದಲ್ಲಿಯೇ ಹುಟ್ಟಿದವು. ಹಗಲು ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ ದುಡಿದು ಸಂಜೆ ತಾಲೀಮಿಗೆ ಸೇರುತ್ತಿದ್ದ ವಿದ್ಯಾವಂತ ಯುವಕ ಯುವತಿಯರು ಆ ರಂಗಭೂಮಿಯ ಜೀವಾಳವಾಗಿದ್ದರು. ವೈಶಾಲಿಯವರು ಈ ರಂಗಭೂಮಿಯ ಗರಡಿಯಲ್ಲಿ ಪಳಗಿದವರು.

ಹೆಣ್ಣುಮಗಳೊಬ್ಬಳು ರಂಗವನ್ನೇರುವುದು ನಮ್ಮ ಸಮಾಜದಲ್ಲಿ ಎಂದೂ ಸುಲಭದ ಮಾತಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಬಹುಕಾಲ ಸ್ತ್ರೀಪಾತ್ರಗಳನ್ನು ಪುರುಷರೇ ಮಾಡುತ್ತಿದ್ದರು. ಮರಾಠಿ ರಂಗಭೂಮಿಯ ಬಾಲಗಂಧರ್ವರ ಹೆಸರನ್ನು ಕೇಳದವರು ಗೋವೆಯಲ್ಲಿ ಇಲ್ಲ. ಕೊಂಕಣಿಯ ತಿಯಾತ್ರದಲ್ಲಿ ಮೊದಲು ರಂಗಕ್ಕೆ ಬಂದ ಮಹಿಳೆ ರೆಜಿನಾ ಫರ್ನಾಂಡಿಸ್ ಎಂದು ಹೇಳುತ್ತಾರೆ. ಅದು ನಡೆದದ್ದು 1904ರಲ್ಲಿ. ಕನ್ನಡದಲ್ಲಿ ಗುಬ್ಬಿ ಕಂಪನಿಯ ಬಿ. ಜಯಮ್ಮನವರಂಥ ಕಲಾವಿದೆಯರು ಮನೆಮಾತಾದರೂ, ‘ನಾಟಕದವಳು’ ಎಂಬ ಮಾತಿನ ಮೊನಚು ಬಹುಕಾಲ ಮೊಂಡಾಗಲಿಲ್ಲ. ವಿದ್ಯಾವಂತ ಸ್ತ್ರೀಯರು ಹವ್ಯಾಸಿ ರಂಗಭೂಮಿಗೆ ಬಂದು, ಘನತೆಯಿಂದ ಕೆಲಸ ಮಾಡಿ ತೋರಿಸಿದ ಮೇಲೆಯೇ ಆ ಮಾತು ಕ್ರಮೇಣ ಹಿಂದೆ ಸರಿಯಿತು. ಆ ದಾರಿಯನ್ನು ಸವೆಸಿದವರ ಸಾಲಿನಲ್ಲಿ ವೈಶಾಲಿಯವರೂ ಒಬ್ಬರು.

ಚಲನಚಿತ್ರ ನಿರ್ದೇಶಕರಾದ ಗಿರೀಶ ಕಾಸರವಳ್ಳಿಯವರನ್ನು ಅವರು ವಿವಾಹವಾದರು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಶಿಕ್ಷಣ ಪಡೆದಿದ್ದ ಗಿರೀಶರು 1977ರ ‘ಘಟಶ್ರಾದ್ಧ’ ಚಿತ್ರಕ್ಕೆ ಸ್ವರ್ಣಕಮಲ ಪಡೆದು ದೇಶದ ಗಮನ ಸೆಳೆದವರು. ಅವರ ನಿರ್ದೇಶನದ ‘ಆಕ್ರಮಣ’ ಚಿತ್ರದಲ್ಲಿ ವೈಶಾಲಿಯವರು ಅಭಿನಯಿಸಿದರು. ಮುಂದೆ ಇತರ ನಿರ್ದೇಶಕರ ಹಲವು ಚಿತ್ರಗಳಲ್ಲಿ, ಹೆಚ್ಚಾಗಿ ಪೋಷಕ ಪಾತ್ರಗಳಲ್ಲಿ, ಕಾಣಿಸಿಕೊಂಡರು. ಆದರೆ ಅವರ ಹೆಸರು ಮನೆಮನೆಗೂ ತಲುಪಿದ್ದು ಕಿರುತೆರೆಯ ಮೂಲಕ.

ಸ್ವಾಮಿಯ ತಾಯಿ

ಶಂಕರನಾಗ್ ಅವರು ಆರ್.ಕೆ. ನಾರಾಯಣರ ಕಥೆಗಳನ್ನಾಧರಿಸಿ 1980ರ ದಶಕದ ಮಧ್ಯದಲ್ಲಿ ನಿರ್ಮಾಣಗೊಂಡ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ನಿರ್ದೇಶಿಸಿದರು. ಟಿ.ಎಸ್. ನರಸಿಂಹನ್ ಅದರ ನಿರ್ಮಾಪಕರು, ಎಲ್. ವೈದ್ಯನಾಥನ್ ಸಂಗೀತ ನೀಡಿದರು; ಕಥೆಗಾರರ ಸಹೋದರ ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು ಅದರ ಆರಂಭವನ್ನು ಅಲಂಕರಿಸಿದವು. ಕಾಲ್ಪನಿಕ ಊರಾದ ಮಾಲ್ಗುಡಿಯನ್ನು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಕಟ್ಟಿ ನಿಲ್ಲಿಸಲಾಯಿತು. ಸ್ವಾಮಿ ಎಂಬ ಬಾಲಕನ ಪಾತ್ರ ಮಾಸ್ಟರ್ ಮಂಜುನಾಥನದು; ಅವನ ತಂದೆಯ ಪಾತ್ರ ಗಿರೀಶ ಕಾರ್ನಾಡರದು; ತಾಯಿಯ ಪಾತ್ರ ವೈಶಾಲಿ ಕಾಸರವಳ್ಳಿಯವರದು.

ಆಗ ದೂರದರ್ಶನ ಒಂದೇ ಇತ್ತು. ಆದ್ದರಿಂದ ದೇಶದ ಉದ್ದಗಲಕ್ಕೂ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಥೆಯನ್ನು ನೋಡುತ್ತಿದ್ದರು. ಧಾರಾವಾಹಿ ಹಿಂದಿಯಲ್ಲಿದ್ದರೂ ಅದರ ಮನೆ, ಜಗುಲಿ, ಅಡಿಗೆಮನೆ, ಮಳೆ, ಮುಖಗಳೆಲ್ಲವೂ ಕನ್ನಡನಾಡಿನವು. ಗೋವೆಯ ಕನ್ನಡಿಗರಿಗೂ ಅದು ತಮ್ಮ ನಾಡನ್ನು ನೆರೆಯವರೊಡನೆ ಕುಳಿತು ನೋಡುವ ಅವಕಾಶವನ್ನು ನೀಡಿತು.

ತಾಯಿಯ ಪಾತ್ರ ಮೇಲ್ನೋಟಕ್ಕೆ ಚಿಕ್ಕದು. ಕಥೆ ಸ್ವಾಮಿಯದು, ಗದರುವ ತಂದೆಯದು, ಗೆಳೆಯರಾದ ಮಣಿ ಮತ್ತು ರಾಜಮ್ ಅವರದು. ತಾಯಿಗೆ ದೊಡ್ಡ ಸಂಭಾಷಣೆಗಳಿಲ್ಲ, ಕಣ್ಣೀರಿನ ಕೋಡಿಯಿಲ್ಲ. ಮನೆಯೊಳಗಿನ ಕೆಲಸ ಮಾಡುತ್ತಲೇ ಗಂಡನ ಸಿಟ್ಟಿಗೂ ಮಗನ ತುಂಟತನಕ್ಕೂ ನಡುವೆ ನಿಲ್ಲುವ ಹೆಣ್ಣು ಆಕೆ. ಇಂಥ ಪಾತ್ರದಲ್ಲಿ ನಟಿಗೆ ‘ಮಾಡಿ ತೋರಿಸಲು’ ಏನೂ ಇರುವುದಿಲ್ಲ. ಇರಬೇಕಾದದ್ದು ಇರುವಿಕೆ ಮಾತ್ರ. ರಂಗಭೂಮಿಯ ನಟಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ದನಿಯೆತ್ತಬೇಕು, ಕೈ ಬೀಸಬೇಕು. ಕ್ಯಾಮೆರಾ ಆಕೆಯ ಮುಖದಿಂದ ಮೂರಡಿ ದೂರದಲ್ಲಿರುತ್ತದೆ. ಅಲ್ಲಿ ರೆಪ್ಪೆಯ ಚಲನೆಯೂ ಒಂದು ಮಾತು. ರಂಗದಲ್ಲಿ ಕಲಿತದ್ದರಲ್ಲಿ ಯಾವುದನ್ನು ಇರಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಇಲ್ಲಿ ಬೇಕಾಗುತ್ತದೆ. ಸ್ವಾಮಿಯ ತಾಯಿ ಇಂದಿಗೂ ಜನರ ನೆನಪಿನಲ್ಲಿ ಉಳಿದಿರುವುದಕ್ಕೆ ಆ ವಿವೇಕವೇ ಕಾರಣ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಪಾತ್ರ ಮಾಡಿದಾಗ ವೈಶಾಲಿಯವರ ವಯಸ್ಸು ಸುಮಾರು ಮೂವತ್ತನಾಲ್ಕು. ಪುರುಷ ನಟರು ಐವತ್ತು ದಾಟಿದರೂ ನಾಯಕರಾಗಿ ಮೆರೆಯುವ ನಮ್ಮ ಚಿತ್ರರಂಗದಲ್ಲಿ, ಮೂವತ್ತು ದಾಟಿದ ನಟಿಗೆ ಅತ್ತಿಗೆ, ತಾಯಿ, ಅತ್ತೆ ಎಂಬ ಮೂರು ಕೋಣೆಗಳಷ್ಟೇ ಉಳಿಯುತ್ತವೆ. ಅನೇಕರು ಆ ಕೋಣೆಗಳಲ್ಲಿಯೇ ಬಾಳು ಮುಗಿಸುತ್ತಾರೆ. ವೈಶಾಲಿಯವರು ನಟನೆಯನ್ನು ಬಿಡದೆಯೇ, ಅದರ ಪಕ್ಕದಲ್ಲಿ ಇನ್ನೆರಡು ಬಾಗಿಲುಗಳನ್ನು ತೆರೆದರು. ಒಂದು ವಸ್ತ್ರವಿನ್ಯಾಸದ್ದು, ಇನ್ನೊಂದು ನಿರ್ದೇಶನದ್ದು.

ಉಡುಗೆಯೂ ಒಂದು ಭಾಷೆ

ಗಿರೀಶ ಕಾಸರವಳ್ಳಿಯವರ ‘ತಾಯಿಸಾಹೇಬ’ ಚಿತ್ರ 1997ನೆಯ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ರಂ.ಶಾ. ಲೋಕಾಪುರ ಅವರ ಕೃತಿಯನ್ನು ಆಧರಿಸಿದ ಆ ಚಿತ್ರ ಉತ್ತರ ಕರ್ನಾಟಕದ ಜಮೀನುದಾರಿ ಮನೆತನವೊಂದರ ಕಥೆ. ಸ್ವಾತಂತ್ರ್ಯದ ಪೂರ್ವದಲ್ಲಿ ಆರಂಭವಾಗಿ ಸ್ವಾತಂತ್ರ್ಯಾನಂತರದ ವರುಷಗಳಿಗೆ ಅದು ಸಾಗುತ್ತದೆ. ಮುಖ್ಯ ಪಾತ್ರದಲ್ಲಿ ಜಯಮಾಲಾ ಅವರೂ, ಅಪ್ಪಾಸಾಹೇಬನಾಗಿ ಸುರೇಶ ಹೆಬ್ಳೀಕರ ಅವರೂ ಅಭಿನಯಿಸಿದರು. ಈ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ ವೈಶಾಲಿಯವರಿಗೆ ರಾಷ್ಟ್ರೀಯ ಪ್ರಶಸ್ತಿ ದೊರೆಯಿತು.

ವಸ್ತ್ರವಿನ್ಯಾಸವೆಂದರೆ ಚೆಂದದ ಸೀರೆ ಆರಿಸುವುದೆಂದು ಅನೇಕರು ಭಾವಿಸುತ್ತಾರೆ. ಅದು ಹಾಗಲ್ಲ. ಕಾಲ, ಪ್ರದೇಶ, ಜಾತಿ, ಅಂತಸ್ತು, ವಯಸ್ಸು, ದುಃಖ, ಸಂತೋಷ ಇವೆಲ್ಲವನ್ನೂ ಪಾತ್ರ ಬಾಯಿ ತೆರೆಯುವ ಮೊದಲೇ ಉಡುಗೆ ಹೇಳಬೇಕು. ನಮ್ಮವರಿಗೆ ತಿಳಿದ ಉದಾಹರಣೆಯನ್ನೇ ನೋಡಬಹುದು. ಇಳಕಲ್ಲ ಸೀರೆಯ ಒಡಲು ಒಂದು ಬಗೆಯ ನೂಲು, ಸೆರಗು ರೇಷ್ಮೆ. ಎರಡರ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಸೆರಗಿನ ವಿನ್ಯಾಸವೇ ‘ಟೋಪ ತೆನಿ’. ಅದರ ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಇವನ್ನು ಉಟ್ಟ ಹೆಂಗಸನ್ನು ತೆರೆಯ ಮೇಲೆ ಕಂಡೊಡನೆ ಆಕೆ ಯಾವ ಸೀಮೆಯವಳೆಂದು ನಮ್ಮ ಅಜ್ಜಿಯಂದಿರು ಹೇಳಿಬಿಡುತ್ತಾರೆ. ಹಾಗೆಯೇ ಗಂಡಸಿನ ರುಮಾಲು ಸುತ್ತಿದ ಬಗೆ, ಧೋತರದ ಅಂಚು, ಟೋಪಿಯ ಬಣ್ಣ ಒಂದೊಂದೂ ಒಂದೊಂದು ಕಾಲವನ್ನು ಹೇಳುತ್ತವೆ. ಎರಡು ಮೂರು ದಶಕಗಳುದ್ದಕ್ಕೂ ಸಾಗುವ ಕಥೆಯಲ್ಲಿ ಬಟ್ಟೆ ಹಳತಾಗಬೇಕು, ಬಣ್ಣ ಮಾಸಬೇಕು, ಮನೆತನ ಇಳಿಯುತ್ತಿರುವುದು ನೂಲಿನಲ್ಲಿಯೇ ಕಾಣಬೇಕು. ಇದು ಜನಜೀವನವನ್ನು ಹತ್ತಿರದಿಂದ ಬಲ್ಲವರಿಗೆ ಮಾತ್ರ ಸಾಧ್ಯವಾಗುವ ಕೆಲಸ.

‘ಮೂಡಲ ಮನೆ’

ವೈಶಾಲಿಯವರು ‘ಗೂಡಿನಿಂದ ಗಗನಕ್ಕೆ’, ‘ಮೂಡಲ ಮನೆ’, ‘ಮುತ್ತಿನ ತೋರಣ’ ಮೊದಲಾದ ಧಾರಾವಾಹಿಗಳನ್ನು ನಿರ್ದೇಶಿಸಿದರು. ಇವುಗಳಲ್ಲಿ ನಮ್ಮ ಜನ ಬಹುಕಾಲ ನೆನೆಯುವಂಥದು 2000ದ ದಶಕದ ಮೊದಲ ವರುಷಗಳಲ್ಲಿ ಈಟಿವಿ ಕನ್ನಡದಲ್ಲಿ ಪ್ರಸಾರವಾದ ‘ಮೂಡಲ ಮನೆ’. ಈ ಹೆಸರೇ ಓದುಗರಿಗೆ ವರಕವಿ ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ನೆನಪಿಸುತ್ತದೆ.

ಉತ್ತರ ಕರ್ನಾಟಕದ ದೊಡ್ಡ ಮನೆತನವೊಂದರ ಸುತ್ತ ಹೆಣೆದ ಕಥೆ ಅದು. ಅದರ ವಿಶೇಷ ಕಥೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಮಾತಿನಲ್ಲಿತ್ತು. ಪಾತ್ರಗಳು ಆ ಸೀಮೆಯ ಕನ್ನಡವನ್ನೇ ಆಡಿದವು, ತಮಾಷೆಗಲ್ಲ, ಬಾಳಿಗೆ. ನಿರೂಪಣೆಯಲ್ಲಿ ತಮ್ಮ ಸ್ವಚ್ಛ ಉಚ್ಚಾರಣೆಯಿಂದ ನಾಡಿಗೆಲ್ಲ ಪರಿಚಿತರಾಗಿ, 2024ರ ಜುಲೈ 11ರಂದು ನಮ್ಮನ್ನಗಲಿದ ಅಪರ್ಣಾ ಅವರೂ ಈ ಧಾರಾವಾಹಿಯ ಕಲಾವಿದೆಯರಲ್ಲಿ ಒಬ್ಬರಾಗಿದ್ದರು.

ಇದರ ಮಹತ್ವ ತಿಳಿಯಬೇಕಾದರೆ ಅದಕ್ಕೆ ಮೊದಲಿನ ಸ್ಥಿತಿಯನ್ನು ನೆನೆಯಬೇಕು. ಕನ್ನಡ ಚಲನಚಿತ್ರಗಳಲ್ಲಿ ನಾಯಕ ನಾಯಕಿಯರು ಮೈಸೂರು ಬೆಂಗಳೂರಿನ ಕನ್ನಡವನ್ನೇ ಆಡುವುದು ರೂಢಿ. ‘ಹೌದ್ರೀ’, ‘ಬರ್ರೀ’, ‘ಏನ್ರೀ ಯಪಾ’ ಎಂಬ ಮಾತುಗಳು ಬಂದವೆಂದರೆ ಅದು ಹಾಸ್ಯಪಾತ್ರ, ಇಲ್ಲವೇ ಮನೆಯ ಆಳು, ಇಲ್ಲವೇ ಮುಗ್ಧ ಹಳ್ಳಿಗ ಎಂದು ಪ್ರೇಕ್ಷಕರು ತಿಳಿಯುವಷ್ಟರ ಮಟ್ಟಿಗೆ ಅದು ನೆಲೆಯೂರಿತ್ತು. ಬೇಂದ್ರೆಯವರು ಮಹಾಕಾವ್ಯದ ಎತ್ತರಕ್ಕೇರಿಸಿದ ನುಡಿ, ಶಿಶುನಾಳ ಶರೀಫರು ಅನುಭಾವ ತುಂಬಿದ ನುಡಿ, ತೆರೆಯ ಮೇಲೆ ನಗೆಗೀಡಾಗುತ್ತಿತ್ತು. ಆ ನುಡಿಯಲ್ಲಿ ಮನೆಯ ಯಜಮಾನ ತೀರ್ಪು ಹೇಳುವುದನ್ನು, ತಾಯಿ ಮಗಳಿಗೆ ಬುದ್ಧಿ ಹೇಳುವುದನ್ನು, ಗಂಡಹೆಂಡಿರು ಮುನಿದು ಒಂದಾಗುವುದನ್ನು ದಿನದಿನವೂ ಕೇಳಿಸಿದ್ದು ‘ಮೂಡಲ ಮನೆ’ಯ ದೊಡ್ಡ ಕೆಲಸ.

ನಮ್ಮ ಕನ್ನಡ ಒಂದೇ ಬಗೆಯದಲ್ಲ ಎಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ‘ಮಾಡುತ್ತಿದ್ದೇನೆ’ ಎಂದು ಪುಸ್ತಕ ಹೇಳಿದರೆ, ಧಾರವಾಡದ ಕಡೆ ‘ಮಾಡಾಕತ್ತೀನಿ’ ಎನ್ನುವರು, ಕಲಬುರಗಿಯ ಕಡೆ ‘ಮಾಡಲತ್ತೀನಿ’ ಎನ್ನುವರು. ಪುಸ್ತಕದ ರೂಪವನ್ನು ಕಲಿಯಲೇಬೇಕು. ಅದಿಲ್ಲದೆ ಪತ್ರ ಬರೆಯಲಾಗದು, ಪರೀಕ್ಷೆ ಪಾಸಾಗಲಾಗದು, ಮೈಸೂರಿನವನೊಡನೆ ಮಂಗಳೂರಿನವನು ಮಾತನಾಡಲಾಗದು. ಆದರೆ ಅದನ್ನು ಕಲಿಯುವುದಕ್ಕಾಗಿ ಇದನ್ನು ಹೀಗಳೆಯಬೇಕಾಗಿಲ್ಲ. ಒಂದು ಶಾಲೆಯ ಆಸ್ತಿ, ಇನ್ನೊಂದು ಮನೆಯ ಆಸ್ತಿ. ಎರಡು ಆಸ್ತಿಯುಳ್ಳವನು ಒಂದೇ ಆಸ್ತಿಯುಳ್ಳವನಿಗಿಂತ ಸಿರಿವಂತನೇ ಹೊರತು ಬಡವನಲ್ಲ.

ಘಟ್ಟದಾಚೆಯಿಂದ ಬಂದವರೆಂಬ ಹೀಯಾಳಿಕೆಯನ್ನು ಕೇಳುತ್ತ ಬೆಳೆದ ನಮ್ಮ ಮಕ್ಕಳು, ತಾಯಿ ಬಸ್ಸಿನಲ್ಲಿ ಗಟ್ಟಿಯಾಗಿ ಕನ್ನಡ ಮಾತನಾಡಿದರೆ ‘ಸಣ್ಣಗ ಮಾತಾಡವ್ವ’ ಎಂದು ಸೆರಗು ಜಗ್ಗುವುದುಂಟು. ಇದನ್ನು ಬೋಧನೆಯಿಂದಲೇ ತಿದ್ದಲಾಗದು. ಆ ತಾಯಿಯಂಥ ಹೆಣ್ಣೊಬ್ಬಳು ದೇಶವೇ ನೋಡುವ ತೆರೆಯ ಮೇಲೆ, ಅದೇ ಮಾತಿನಲ್ಲಿ, ತಲೆಯೆತ್ತಿ ಮಾತನಾಡುವುದನ್ನು ಮಗು ನೋಡಬೇಕು. ಆಗ ಅದರ ಮನಸ್ಸಿನಲ್ಲಿ ಏನೋ ಒಂದು ನೆಟ್ಟಗಾಗುತ್ತದೆ. ಧಾರಾವಾಹಿ ಮಾಡಬಲ್ಲ ಒಳಿತು ಇದ್ದರೆ ಅದು ಇದೇ.

ತೆರೆಯ ಹಿಂದಿನ ದುಡಿಮೆ

ಧಾರಾವಾಹಿಯ ಕಲಾವಿದೆಯ ಬಾಳು ಹೊರಗಿನಿಂದ ಕಾಣುವಷ್ಟು ಸುಖದ್ದಲ್ಲ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತುಗಳನ್ನು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ವಾರಕ್ಕೆ ಐದು ಕಂತುಗಳೆಂದರೆ ಸುಮಾರು 110 ನಿಮಿಷ. ಹೆಚ್ಚುಕಡಿಮೆ ವಾರಕ್ಕೊಂದು ಚಲನಚಿತ್ರ ತೆಗೆದಂತೆ. ಇದನ್ನು ಸಾಧಿಸಲು ಬೆಳಗಿನಿಂದ ರಾತ್ರಿಯವರೆಗೆ ಚಿತ್ರೀಕರಣ ನಡೆಯುತ್ತದೆ. ಕಥೆಯ ಕ್ರಮದಲ್ಲಿ ಚಿತ್ರೀಕರಿಸುವುದಿಲ್ಲ; ಪಡಸಾಲೆಯ ದೃಶ್ಯಗಳೆಲ್ಲ ಒಮ್ಮೆ, ಅಡಿಗೆಮನೆಯವೆಲ್ಲ ಒಮ್ಮೆ. ಬೆಳಿಗ್ಗೆ ಗಂಡನ ಸಾವಿಗೆ ಅತ್ತ ನಟಿ ಮಧ್ಯಾಹ್ನ ಅದಕ್ಕೂ ಮೊದಲಿನ ಕಂತಿನ ಹಬ್ಬದಲ್ಲಿ ನಗಬೇಕಾಗುತ್ತದೆ. ಯಾವ ದೃಶ್ಯದಲ್ಲಿ ಯಾವ ಸೀರೆ, ಯಾವ ಬಳೆ, ಕೂದಲು ಹೇಗಿತ್ತು ಎಂಬುದನ್ನು ನೆನಪಿಡಬೇಕು. ಒಂದು ತಪ್ಪಿದರೆ ಮನೆಯಲ್ಲಿ ಕುಳಿತ ಪ್ರೇಕ್ಷಕರು ಮೊದಲು ಹಿಡಿಯುವುದು ಅದನ್ನೇ.

ಸಂಭಾಷಣೆ ಬಹುವೇಳೆ ಆ ದಿನವೇ ಕೈಗೆ ಬರುತ್ತದೆ. ಪ್ರೇಕ್ಷಕರ ಸಂಖ್ಯೆಯ ಲೆಕ್ಕ ವಾರವಾರವೂ ಬರುತ್ತದೆ. ಅದು ಇಳಿದರೆ ಕಥೆ ತಿರುಗುತ್ತದೆ, ಪಾತ್ರ ಊರು ಬಿಡುತ್ತದೆ, ಕೆಲವೊಮ್ಮೆ ಸಾಯುತ್ತದೆ. ಪಾತ್ರ ಸತ್ತರೆ ಕಲಾವಿದೆಯ ಮನೆಯ ಆದಾಯವೂ ನಿಲ್ಲುತ್ತದೆ, ಏಕೆಂದರೆ ಬಹುಪಾಲು ಕಲಾವಿದರಿಗೆ ಸಂಬಳವಿಲ್ಲ, ದುಡಿದ ದಿನದ ಸಂಭಾವನೆ ಮಾತ್ರ. ಕಟ್ಟಡದ ಕೆಲಸದಲ್ಲಿ, ಬಂದರಿನಲ್ಲಿ ದಿನಗೂಲಿಯ ಬವಣೆ ಕಂಡ ನಮ್ಮ ಹಿರಿಯರಿಗೆ ಇದು ಹೊಸ ಸಂಗತಿಯೇನಲ್ಲ. ಬಣ್ಣ ಹಚ್ಚಿದ ಮುಖವೂ ದುಡಿಯುವ ಮುಖವೇ.

ನಿರ್ದೇಶಕಿಯ ಹೊಣೆ ಇದಕ್ಕಿಂತಲೂ ದೊಡ್ಡದು. ಇಡೀ ತಂಡದ ವೇಳೆ, ವೆಚ್ಚ, ಬೆಳಕು, ಮಾತು, ಮನಸ್ತಾಪ ಎಲ್ಲವನ್ನೂ ತೂಗಿಸಿಕೊಂಡು ಹೋಗಬೇಕು. ಕ್ಯಾಮೆರಾದ ಹಿಂದೆ ಹೆಂಗಸರು ವಿರಳವಾಗಿದ್ದ ದಿನಗಳಲ್ಲಿ ವೈಶಾಲಿಯವರು ಈ ಹೊಣೆಯನ್ನು ಹೊತ್ತರು. ಸ್ವತಃ ನಟಿಯಾಗಿದ್ದವರು ನಿರ್ದೇಶನಕ್ಕೆ ನಿಂತಾಗ ಒಂದು ಅನುಕೂಲವುಂಟು. ಎದುರಿಗಿರುವ ಕಲಾವಿದೆಗೆ ಯಾವ ಮಾತು ಬಾಯಿಗೆ ಬರುತ್ತದೆ, ಯಾವುದು ಗಂಟಲಲ್ಲಿ ಸಿಕ್ಕುತ್ತದೆ ಎಂಬುದು ಅವರಿಗೆ ಹೇಳದೆಯೇ ತಿಳಿಯುತ್ತದೆ.

ಅನಾರೋಗ್ಯದಿಂದ ವೈಶಾಲಿಯವರು 2010ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ ಐವತ್ತೆಂಟು ವರುಷ. ಕಲೆಯ ದೀಪ ಆ ಮನೆಯಲ್ಲಿ ಆರಲಿಲ್ಲ. ಅವರ ಮಗಳು ಅನನ್ಯಾ ಕಾಸರವಳ್ಳಿ ತಂದೆಯ ‘ನಾಯಿ ನೆರಳು’ ಚಿತ್ರದಲ್ಲಿ ಅಭಿನಯಿಸಿ, ಮುಂದೆ ತಾವೇ ನಿರ್ದೇಶಕಿಯಾಗಿ ‘ಹರಿಕಥಾ ಪ್ರಸಂಗ’ ಚಿತ್ರವನ್ನು 2016ರಲ್ಲಿ ನಿರ್ಮಿಸಿಕೊಟ್ಟರು. ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುವ ಕಲಾವಿದನೊಬ್ಬನ ಬಾಳನ್ನು ಕುರಿತ ಚಿತ್ರವದು. ತಾಯಿ ನಟಿಯಾಗಿ ಆರಂಭಿಸಿ ನಿರ್ದೇಶನಕ್ಕೆ ಬಂದ ದಾರಿಯಲ್ಲಿಯೇ ಮಗಳೂ ನಡೆದದ್ದು ಸಂತೋಷದ ಸಂಗತಿ.

ನಮ್ಮವರು ಅರಿಯಬೇಕಾದದ್ದು

ಇಂದು ವಾಹಿನಿಗಳು ಹೆಚ್ಚಿವೆ. ಈಟಿವಿ ಕನ್ನಡವು 2015ರಿಂದ ಕಲರ್ಸ್ ಕನ್ನಡವಾಗಿದೆ. ಧಾರಾವಾಹಿಗಳನ್ನು ಪೆಟ್ಟಿಗೆಯಲ್ಲಷ್ಟೇ ಅಲ್ಲ, ಅಂಗೈಯಲ್ಲಿರುವ ದೂರವಾಣಿಯಲ್ಲಿಯೂ ನೋಡುವ ಕಾಲ ಬಂದಿದೆ. ಎಲ್ಲ ಧಾರಾವಾಹಿಗಳೂ ಒಳ್ಳೆಯವೆಂದು ಹೇಳಲಾಗದು. ಅತ್ತೆ ಸೊಸೆಯರ ಹಗೆ, ಕಾರಣವಿಲ್ಲದ ಕಣ್ಣೀರು, ಮುಗಿಯದ ಸೇಡು ಇವುಗಳಿಂದ ತುಂಬಿದ ಕಥೆಗಳನ್ನು ಮಕ್ಕಳ ಎದುರಿಗೆ ತಡರಾತ್ರಿಯವರೆಗೆ ಹರಿಯಬಿಡುವುದು ತರವಲ್ಲ. ಆದರೆ ಹೊಟ್ಟು ಇದೆಯೆಂದು ಕಾಳನ್ನೂ ತೂರಿಬಿಡುವ ರೈತನಿಲ್ಲ. ಆರಿಸಿ ನೋಡುವುದು, ಮಕ್ಕಳೊಡನೆ ಕುಳಿತು ನೋಡುವುದು, ನೋಡಿದ್ದನ್ನು ಕುರಿತು ಅವರೊಡನೆ ಕನ್ನಡದಲ್ಲಿ ಮಾತನಾಡುವುದು ತಾಯಿತಂದೆಯರ ಕೆಲಸ. ನಾಟಕದ ಪಾತ್ರವೊಂದನ್ನು ತಮ್ಮ ಮನೆಯ ನುಡಿಯಲ್ಲಿಯೇ ಆಡುವ ಅವಕಾಶವನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಒದಗಿಸಿದರೆ, ಅದು ಪಠ್ಯದ ಹತ್ತು ಪಾಠಗಳಷ್ಟು ಫಲ ನೀಡಬಲ್ಲದು.

ನಮ್ಮ ಹೆಣ್ಣುಮಕ್ಕಳಲ್ಲಿ ಹಾಡುವವರಿದ್ದಾರೆ, ಕುಣಿಯುವವರಿದ್ದಾರೆ, ನೋಡಿದವರನ್ನು ಹಾಗೆಯೇ ಅನುಕರಿಸಿ ಮನೆಮಂದಿಯನ್ನು ನಗಿಸುವವರಿದ್ದಾರೆ. ಅವರಲ್ಲಿ ಯಾರಾದರೂ ‘ನಾನು ನಟಿಯಾಗುತ್ತೇನೆ’ ಎಂದರೆ ಮನೆಯಲ್ಲಿ ಭಯ ಹುಟ್ಟುವುದು ಸಹಜ. ಆ ಭಯಕ್ಕೆ ಕಾರಣಗಳಿಲ್ಲವೆಂದು ಹೇಳಲಾಗದು; ಈ ವೃತ್ತಿಯಲ್ಲಿ ನಿಲುಗಡೆಯಿಲ್ಲ, ಮೋಸಗಾರರೂ ಇದ್ದಾರೆ. ಆದರೆ ಉತ್ತರ ‘ಬೇಡ’ ಎಂಬ ಒಂದೇ ಮಾತಾಗಬೇಕಾಗಿಲ್ಲ. ಮೊದಲು ಓದು ಮುಗಿಸು, ರಂಗಭೂಮಿಯಲ್ಲಿ ಪಳಗು, ಮುಖದ ಚೆಲುವನ್ನೊಂದೇ ನಂಬದೆ ಇನ್ನೊಂದು ವಿದ್ಯೆಯನ್ನು ಕೈಯಲ್ಲಿಟ್ಟುಕೋ ಎಂದು ಹೇಳಬಹುದು. ವೈಶಾಲಿ ಕಾಸರವಳ್ಳಿಯವರ ಬಾಳು ಹೇಳುವುದೂ ಅದನ್ನೇ. ನಟನೆಯ ಜೊತೆಗೆ ಉಡುಗೆಯ ವಿದ್ಯೆ, ಉಡುಗೆಯ ಜೊತೆಗೆ ನಿರ್ದೇಶನದ ವಿದ್ಯೆ ಅವರ ಕೈಯಲ್ಲಿತ್ತು. ವಯಸ್ಸು ಒಂದು ಬಾಗಿಲನ್ನು ಮುಚ್ಚುವ ಹೊತ್ತಿಗೆ ಅವರು ಇನ್ನೊಂದರ ಹೊಸ್ತಿಲನ್ನು ದಾಟಿರುತ್ತಿದ್ದರು.

ಐವತ್ತು ವರುಷಗಳ ಕಾಲ ಪರನಾಡಿನಲ್ಲಿ ಕನ್ನಡದ ಅಕ್ಷರವನ್ನು ಉಳಿಸಿಕೊಂಡು ಬಂದ ಶಾಲೆಗೆ ನಾವೆಲ್ಲರೂ ಋಣಿಗಳು. ಅಕ್ಷರವನ್ನು ಶಾಲೆ ಉಳಿಸಿತು. ಮಾತನ್ನು ಉಳಿಸುವ ಹೊಣೆ ನಮ್ಮ ನಮ್ಮ ಮನೆಗಳದು. ‘ಹೌದ್ರೀ’ ಎಂಬ ನಮ್ಮ ಹಿರಿಯರ ವಿನಯದ ಮಾತನ್ನು ನಮ್ಮ ಮೊಮ್ಮಕ್ಕಳೂ ನಾಚಿಕೆಯಿಲ್ಲದೆ, ಪಣಜಿಯ ಪೇಟೆಯ ನಡುವೆ ನಿಂತು ಆಡುವಂತಾದರೆ, ಕಲಬುರಗಿಯಲ್ಲಿ ಹುಟ್ಟಿದ ಆ ಕಲಾವಿದೆಯ ದುಡಿಮೆಯೂ, ಚಿಂಬಲ್ಲಿನ ನಮ್ಮ ಗುರುಗಳ ದುಡಿಮೆಯೂ ಸಾರ್ಥಕವಾದಂತೆ.